ಮಲ್ಲೇಶಪ್ಪ ಪೆನ್ನಿನಲ್ಲಿ ತಿದ್ದಿದ ತಾರೀಕು

2006ರಲ್ಲಿ ನಾನು ಹೊಸಪೇಟೆಯ ಒಂದು ಅದಿರು ಸಾಗಣೆ ಕಂಪನಿಯಲ್ಲಿ ಸಿಸ್ಟಮ್ಸ್ ಇನ್‌ಚಾರ್ಜ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ಸಂಡೂರಿನ ಗುಡ್ಡಗಳ ಬುಡದಲ್ಲಿ ಕಂಪನಿಗೆ ಆರು ವೇಬ್ರಿಜ್‌ಗಳಿದ್ದವು. ಲಾರಿ ಖಾಲಿ ಬಂದಾಗ ಒಮ್ಮೆ, ಅದಿರು ತುಂಬಿಕೊಂಡು ಹೊರಟಾಗ ಇನ್ನೊಮ್ಮೆ ಆ ತೂಕದ ಕಟ್ಟೆ ಹತ್ತಬೇಕು. ಎರಡೂ ಸಲ ಕ್ಯಾಮೆರಾ ಲಾರಿಯ ನಂಬರ್ ಪ್ಲೇಟಿನ ಫೋಟೊ ತೆಗೆದು ಅಲ್ಲಿನ ಕಂಪ್ಯೂಟರಿನಲ್ಲಿ ಇಡುತ್ತಿತ್ತು. ತೂಕದ ಚೀಟಿಯಲ್ಲಿ ನಮೂದಾದ ಲಾರಿಯೇ ತೂಕಕ್ಕೆ ಬಂದಿತ್ತು ಎನ್ನಲು ಆ ಫೋಟೊ ಒಂದೇ ಸಾಕ್ಷಿ.

ಗಣಿ ಭರಾಟೆಯ ಕಾಲ. ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ, ಹಾರ್ಡ್ ಡಿಸ್ಕ್‌ಗಳು ಮೂರು ತಿಂಗಳಿಗೆಲ್ಲ ತುಂಬಿಹೋಗುತ್ತಿದ್ದವು. ಹಳೆಯ ಫೋಟೊಗಳನ್ನು ತಿಂಗಳಿಗೊಮ್ಮೆ ಅಲ್ಲಿನ ಆಪರೇಟರ್‌ಗಳು ಸಿ.ಡಿ.ಗೆ ಇಳಿಸಿ ಕಳಿಸುವುದು, ಆಮೇಲೆ ನಾನು ಅಳಿಸುವುದು ನಮ್ಮ ಪದ್ಧತಿ. ಅಳಿಸಲೆಂದು ಆರು ಕಡೆ ಜೀಪಿನಲ್ಲಿ ಸುತ್ತಿದರೆ ಎರಡು ದಿನ ಬೇಕು, ಅದಿರಿನ ಕೆಂಪು ಧೂಳಿಗೆ ತೊಟ್ಟ ಅಂಗಿ ಮತ್ತೆ ಬಿಳಿ ಆಗುತ್ತಿರಲಿಲ್ಲ. ಅದಕ್ಕೇ ಹೊಸಪೇಟೆಯ ಕುರ್ಚಿಯಲ್ಲಿ ಕೂತೇ ಅಳಿಸುವ ದಾರಿ ಮಾಡಿಕೊಂಡೆ. ಕಮಾಂಡ್ ಲೈನ್ ಎಂದರೆ ಮೌಸ್ ಇಲ್ಲದೆ, ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಕೆಲಸ ಹೇಳುವ ವಿಧಾನ. ‘ಆ ದೂರದ ಕಂಪ್ಯೂಟರಿನ ಈ ಫೋಲ್ಡರಿನಲ್ಲಿ ತೊಂಬತ್ತು ದಿನಕ್ಕಿಂತ ಹಳೆಯದಾದ ಫೈಲ್‌ಗಳನ್ನೆಲ್ಲ ಅಳಿಸು’ ಎಂದು ಬರೆದು ಎಂಟರ್ ಒತ್ತಿದರೆ ಮುಗಿಯಿತು. ಹೀಗೆ ಅಳಿಸಿದ್ದು ರಿಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಈ ಜಾಣತನದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ದಸರಾ ಮುಗಿದು ಹನ್ನೆರಡು ದಿನಗಳಾಗಿದ್ದವು. ನಾನು ರಜೆ ಮುಗಿಸಿ ನಮ್ಮೂರು ಬುಕ್ಕಸಾಗರದಿಂದ ಬಂದವನೇ ಬೆಳಿಗ್ಗೆ ಹತ್ತಕ್ಕೆ ಆರೂ ಕಂಪ್ಯೂಟರ್‌ಗಳಿಗೆ ಆ ಸಾಲನ್ನು ಕಳಿಸಿದೆ. ಅಳಿಸುವ ಮೊದಲು ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ತೋರಿಸಲು ಹೇಳಬಹುದಿತ್ತು. ವರ್ಷವಿಡೀ ಸರಿಯಾಗಿಯೇ ನಡೆದಿದೆಯಲ್ಲ ಎಂದು ಪಟ್ಟಿ ನೋಡದೆ ಎಂಟರ್ ಒತ್ತಿ ಚಹಾಕ್ಕೆ ಹೋದೆ.

ಮಧ್ಯಾಹ್ನ ಎರಡಕ್ಕೆ ಮ್ಯಾನೇಜರ್ ಕರೆಸಿದರು. ಅವರು ಆಗಷ್ಟೇ ಸಂಡೂರಿನಿಂದ ತಪಾಸಣೆ ಮುಗಿಸಿ ಬಂದಿದ್ದರು. ಮೇಜಿನ ಮೇಲೆ ನಾಲ್ಕನೇ ವೇಬ್ರಿಜ್‌ನ ತೂಕದ ಚೀಟಿಗಳ ಕಟ್ಟು. ಪ್ರತಿ ಚೀಟಿಯಲ್ಲೂ ಅಚ್ಚಾದ ತಾರೀಕನ್ನು ಹೊಡೆದುಹಾಕಿ ಪೆನ್ನಿನಲ್ಲಿ ಬೇರೆ ತಾರೀಕು ಬರೆದಿತ್ತು.

“ಹನ್ನೆರಡು ದಿನದ ಚೀಟಿ ತಿದ್ಯಾನ, ಆ ದಿನಗಳ ಒಂದ ಫೋಟೊನೂ ಕಂಪ್ಯೂಟರ್‌ನಾಗ ಇಲ್ಲ. ಆಪರೇಟರ್ ಮಲ್ಲೇಶಪ್ಪ ಯಾರದೋ ಲಾರಿ ದಾಟಿಸಿ ಎಲ್ಲಾ ಅಳಿಸ್ಯಾನ. ಸಂಜಿ ಒಳಗ ನೀವೊಂದು ರಿಪೋರ್ಟ್ ಬರದು ಸಹಿ ಹಾಕ್ರಿ, ಪೊಲೀಸರಿಗೆ ಕೊಡೂಣು” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ನನಗೆ. ‘ಅಳಿಸು’ ಎಂದು ಬೆಳಿಗ್ಗೆ ಹೇಳಿದವನು ನಾನು. ಆದರೆ ಹಳೆಯದನ್ನು ಮಾತ್ರ ಅಂದಿದ್ದೆನಲ್ಲ? ನನ್ನ ಕೋಣೆಗೆ ಬಂದು ನಾಲ್ಕನೇ ವೇಬ್ರಿಜ್‌ಗೆ ಫೋನ್ ಮಾಡಿದೆ. ಮಲ್ಲೇಶಪ್ಪನೇ ಎತ್ತಿದ. ಕಂಪ್ಲಿ ಕಡೆಯವನು, ನಲವತ್ತರ ಆಸುಪಾಸು, ಮಾತು ಕಡಿಮೆ.

“ಆಯುಧ ಪೂಜಿ ದಿನ ಮಷಿನ್ ಎಲ್ಲಾ ಬಂದ್ ಮಾಡಿ, ವರಸಿ, ಹೂವ ಏರಿಸಿದ್ವಿರಿ ಸರ. ಮರುದಿನ ಹಚ್ಚಿದ್ರ ತಾರೀಕು ಎರಡು ಸಾವಿರದ ಎರಡು ಅಂತ ತೋರಸಾಕತ್ತಿತು. ತಿದ್ದೋಣಂದ್ರ ಪಾಸ್‌ವರ್ಡ್ ಕೇಳ್ತದ, ಅದು ನಿಮ್ಮ ಹತ್ರ ಐತಿ. ಎರಡು ಸಲ ಆಫೀಸಿಗೆ ಫೋನ್ ಮಾಡಿದ್ದೆ, ರಜಾದಾಗ ಅದಾರ ಅಂದ್ರು. ಸುಳ್ಳು ತಾರೀಕಿನ ಚೀಟಿ ಹೆಂಗ ಕೊಡ್ಲಿ? ಅದಕ್ಕ ಪೆನ್ನಿನಾಗ ತಿದ್ದಿ ಸಹಿ ಹಾಕೀನ್ರಿ.”

ಎಲ್ಲ ತಿಳಿಯಿತು. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸಲು ಕಂಪ್ಯೂಟರಿನೊಳಗೆ ಬಿಲ್ಲೆಯಷ್ಟು ದೊಡ್ಡ ಬ್ಯಾಟರಿ ಇರುತ್ತದೆ. ಅದು ಸತ್ತಿತ್ತು. ವರ್ಷವಿಡೀ ಬಂದ್ ಆಗದ ಯಂತ್ರ ಪೂಜೆಗೆಂದು ಬಂದ್ ಆದಾಗ ಗಡಿಯಾರ ನಾಲ್ಕು ವರ್ಷ ಹಿಂದಕ್ಕೆ ಹೋಯಿತು. ಅಂದಿನಿಂದ ತೆಗೆದ ಫೋಟೊಗಳಿಗೆಲ್ಲ ನಾಲ್ಕು ವರ್ಷ ಹಳೆಯ ತಾರೀಕು ಬಿತ್ತು. ಹೊಸಪೇಟೆಯಿಂದ ಹೋದ ನನ್ನ ಆದೇಶ, ಸಿ.ಡಿ.ಗೆ ಇನ್ನೂ ಇಳಿಸದಿದ್ದ ಅವನ್ನೇ ಹಳೆಯವೆಂದು ಆರಿಸಿ ಗುಡಿಸಿಹಾಕಿತ್ತು.

ಒಂದು ಸತ್ಯ ಹೇಳಿಬಿಡುತ್ತೇನೆ. ಬಾಯಿ ಮುಚ್ಚಿಕೊಂಡಿದ್ದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಮ್ಯಾನೇಜರಿಗೆ ಕಮಾಂಡ್ ಲೈನ್ ಎಂದರೇನೆಂದೇ ಗೊತ್ತಿರಲಿಲ್ಲ. ಐದು ನಿಮಿಷ ಆ ಯೋಚನೆ ನನ್ನ ತಲೆಯಲ್ಲಿ ಕೂತಿತ್ತು, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ಎದ್ದು ಹೋಗಿ ಮ್ಯಾನೇಜರಿಗೆ ಹೇಳಿದೆ: “ಫೋಟೊ ಅಳಿಸಿದ್ದು ನಾನು ಸರ್. ಎರಡು ದಿನ ಕೊಡಿ, ವಾಪಸ್ ತರ್ತೀನಿ.”

ಅವರು ನಂಬಲಿಲ್ಲ. “ಮಲ್ಲೇಶಪ್ಪನ್ನ ಉಳಿಸಾಕ ಹಿಂಗ ಹೇಳ್ತೀರೇನು?” ಎಂದರು. ಕೊನೆಗೆ ಎರಡು ದಿನ ಕೊಟ್ಟರು, ಆದರೆ ಲಾರಿ ನಿಲ್ಲಿಸುವಂತಿಲ್ಲ ಎಂದರು.

ಅಳಿಸಿದ ಫೈಲ್ ತಕ್ಷಣ ನಾಶವಾಗುವುದಿಲ್ಲ. ಡಿಸ್ಕ್‌ನಲ್ಲಿ ಅದರ ಜಾಗ ಖಾಲಿ ಎಂದು ಗುರುತಾಗುತ್ತದೆ, ಅಷ್ಟೇ. ಅದೇ ಜಾಗದಲ್ಲಿ ಹೊಸ ಫೈಲ್ ಬಂದು ಕೂತರೆ ಮಾತ್ರ ಹಳೆಯದು ಹೋಯಿತು. ಅಂದರೆ ಕಟ್ಟೆ ಹತ್ತುವ ಒಂದೊಂದು ಹೊಸ ಲಾರಿಯೂ ಮಲ್ಲೇಶಪ್ಪನ ಸಾಕ್ಷಿಯ ಮೇಲೆ ಹಾಯ್ದು ಹೋಗುತ್ತಿತ್ತು. ಮತ್ತೆ ಫೋನ್ ಮಾಡಿ, ಕಂಪ್ಯೂಟರಿನ ವೈರ್ ಈಗಲೇ ಕಿತ್ತುಬಿಡು, ಲಾರಿಗಳನ್ನು ಮಾತ್ರ ನಿಲ್ಲಿಸಬೇಡ ಎಂದೆ.

“ತೂಕ ತೋರ್ಸೋ ಡಬ್ಬಿ ಬ್ಯಾರೆ ಐತ್ರಿ. ಅದನ್ನ ನೋಡಿ ಕೈಲೆ ಬರೀತೀನಿ” ಎಂದ.

ಜೀಪು ಹಿಡಿದು ಹೋದೆ. ಅವನು ರೂಲು ಹಾಕಿದ ನೋಟ್‌ಬುಕ್ಕಿನಲ್ಲಿ ಲಾರಿ ನಂಬರ್, ತೂಕ, ಹೊತ್ತು ಎಲ್ಲ ಬರೆಯುತ್ತಿದ್ದ, ಪ್ರತಿ ಡ್ರೈವರನ ಸಹಿಯನ್ನೂ ಹಾಕಿಸುತ್ತಿದ್ದ. ಹಾರ್ನ್ ಹೊಡೆದವರಿಗೆ “ತಡೀರಪ್ಪ, ತೂಕ ತಪ್ಪಬಾರ್ದು” ಅನ್ನುತ್ತಿದ್ದ. ನಾನು ಡಿಸ್ಕ್ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಹೊಸಪೇಟೆಗೆ ತಂದೆ. ಅಳಿಸಿದ್ದನ್ನು ಹುಡುಕುವ ತಂತ್ರಾಂಶವೂ ಕಪ್ಪು ಪರದೆಯದೇ. ಎರಡು ದಿನ ಅದರ ಮುಂದಿನಿಂದ ಏಳಲಿಲ್ಲ. ಚೀಟಿಗಳ ಲೆಕ್ಕಕ್ಕೆ ಇರಬೇಕಾದ ಒಟ್ಟು 1,312 ಫೋಟೊಗಳಲ್ಲಿ 1,270 ಸಿಕ್ಕವು. ಒಂದೊಂದನ್ನೂ ಚೀಟಿಯ ಜೊತೆ ಹೋಲಿಸಿ ನೋಡಿದೆ. ಒಂದು ನಂಬರೂ ತಪ್ಪಿರಲಿಲ್ಲ. ಉಳಿದ ನಲವತ್ತೆರಡು ಫೋಟೊಗಳ ಲಾರಿಗಳು, ಅದಿರು ಇಳಿಸಿ ರಾಶಿ ಹಾಕುವ ಸ್ಟಾಕ್‌ಯಾರ್ಡಿನ ರಿಜಿಸ್ಟರಿನಲ್ಲಿ ಅದೇ ತೂಕಕ್ಕೆ ಸಿಕ್ಕವು.

ಮ್ಯಾನೇಜರ್ ದೂರು ಕೈಬಿಟ್ಟರು. ನನ್ನ ಕಡತಕ್ಕೆ ಎಚ್ಚರಿಕೆ ಪತ್ರ ಒಂದು ಸೇರಿತು, ಅದು ನ್ಯಾಯವೇ. ನಾನು ಸಂಡೂರಿಗೆ ಹೋಗಿ ಮಲ್ಲೇಶಪ್ಪನ ಕ್ಷಮೆ ಕೇಳಿದೆ. ಅವನು ನೆಲ ನೋಡುತ್ತ ಹೇಳಿದ:

“ನೌಕರಿ ಉಳೀತು ಸರ. ಆದ್ರ ಕಂಪ್ಲಿಗೆ ಸುದ್ದಿ ಮುಟ್ಟೈತಿ. ಮಾವನವರು ‘ಕಳ್ಳನ ಮನಿಗೆ ಬ್ಯಾಡ’ ಅಂತ ನನ್ನ ಹೇಣ್ತಿನ್ನ ಕರ್ಕೊಂಡು ಹೋಗ್ಯಾರ. ನಾನು ಹೇಳಿದ್ರ ನಂಬಂಗಿಲ್ಲ.”

ಫೋಟೊ ಸಿಕ್ಕರೆ ಎಲ್ಲವೂ ಸಿಕ್ಕ ಹಾಗೆ ಎಂದುಕೊಂಡಿದ್ದೆ ನಾನು. ಆ ಭಾನುವಾರ ಅವನ ಜೊತೆ ಕಂಪ್ಲಿ ಬಸ್ ಹತ್ತಿದೆ. ಮಾವ ತಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು, ಅಳಿಯನತ್ತ ತಿರುಗಿಯೂ ನೋಡಲಿಲ್ಲ. ಓಣಿಯ ನಾಲ್ಕೈದು ಜನ ಸುತ್ತ ನಿಂತರು. ಗಡಿಯಾರ, ಬ್ಯಾಟರಿ, ಕಮಾಂಡ್ ಲೈನ್ ಯಾವುದನ್ನೂ ನಾನು ವಿವರಿಸಲಿಲ್ಲ.

“ಯಜಮಾನ್ರೇ, ತಪ್ಪು ಮಾಡಿದವನು ನಾನು. ನೋಡದೆ ಅಳಿಸಿದೆ. ನಿಮ್ಮ ಅಳಿಯನ ಮೇಲೆ ಬಂತು. ಅವನದು ಒಂದು ಚೀಟಿಯೂ ಸುಳ್ಳಿಲ್ಲ.”

ಯಜಮಾನರು ಈಗ ಅಳಿಯನತ್ತ ತಿರುಗಿ ನೋಡಿದರು. ಆಮೇಲೆ ಒಳಗೆ ತಿರುಗಿ ಮಗಳನ್ನು ಕೂಗಿದರು: “ನಿನ್ನ ಗಂಡ ಬಂದಾನ, ನೀರು ಕೊಡವಾ.”

ನಿವೃತ್ತಿಯವರೆಗೂ ಎಷ್ಟೋ ಲಕ್ಷ ಫೈಲ್‌ಗಳನ್ನು ದೂರದಿಂದಲೇ ಅಳಿಸಿದೆ. ಪ್ರತಿ ಸಲವೂ ಮೊದಲು ಪಟ್ಟಿ ನೋಡಿದೆ. ಅದಕ್ಕೂ ಮೊದಲು ಅಲ್ಲಿ ಕೂತಿರುವ ಮನುಷ್ಯನಿಗೆ ಫೋನ್ ಮಾಡಿ, “ಏನಾದ್ರೂ ಹೇಳೋದೈತೇನಪ್ಪ?” ಎಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ಎಂಟರ್ ಒತ್ತಲಿಲ್ಲ.