ಸ್ನಾನವಿಲ್ಲದೆ ಒಳಗೆ ಪ್ರವೇಶವಿಲ್ಲ

ದುಬೈಯಲ್ಲಿ ಕುಂಡದ ಗಿಡಗಳನ್ನು ಮನೆಯೊಳಗೆ ತರುವುದು ಚಳಿಗೆ ಹೆದರಿ ಅಲ್ಲ, ಬಿಸಿಲಿಗೆ ಹೆದರಿ. ಮೇ ತಿಂಗಳು ಬಂತೆಂದರೆ ಅಲ್ಲಿನ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಮಗ್ದಲೀನ್ ಬಾಲ್ಕನಿ ಖಾಲಿ ಮಾಡುತ್ತಾಳೆ. ಆದರೆ ಒಂದು ಗಿಡವೂ ನೇರವಾಗಿ ಹಾಲಿಗೆ ಬರುವಂತಿಲ್ಲ. ಅವಳು ಆಸ್ಪತ್ರೆಯ ನರ್ಸ್. ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಇರುವೆಗಳನ್ನು ಹೊರಗಟ್ಟುತ್ತಾಳೆ, ಎಲೆಗಳ ಅಡಿಭಾಗವನ್ನು ಸೋಪುನೀರಿನಿಂದ ಒರೆಸುತ್ತಾಳೆ. ಆಮೇಲೂ ಕೆಲವು ದಿನ ಬಾತ್‌ರೂಮಿನಲ್ಲೇ ಇಟ್ಟು, ಹುಳ ಕಾಣದಿದ್ದರೆ ಮಾತ್ರ ಹಾಲಿಗೆ ತರುತ್ತಾಳೆ.

"ಎಂತ ಮಾರಾಯ್ತಿ, ಗಿಡಕ್ಕೂ ವಾರ್ಡಾ?" ಎಂದು ಗಂಡ ಅಲೆಕ್ಸಾಂಡರ್ ಪ್ರತಿವರ್ಷ ನಗುತ್ತಿದ್ದ.

ಈ ವರ್ಷ ಆ ಮಹಾನುಭಾವ ಏನು ಮಾಡಿದ? ಯಾರೋ ಊರಿಗೆ ಹೋಗುವವರು ಕಸದ ಡಬ್ಬಿಯ ಪಕ್ಕ ಬಿಟ್ಟಿದ್ದ ಸೋಫಾವನ್ನು, ಪುಕ್ಕಟೆ ಸಿಕ್ಕಿತೆಂದು ಹೊತ್ತು ತಂದು ಸೀದಾ ಹಾಲಿನಲ್ಲಿಟ್ಟ. ವಾರ ಕಳೆಯುವುದರೊಳಗೆ ಮನೆಯಲ್ಲೆಲ್ಲ ತಿಗಣೆ. ಆಗಲಾದರೂ ಬಾಯಿ ಮುಚ್ಚಿಕೊಂಡಿದ್ದನೇ? ಪಕ್ಕದ ಫ್ಲ್ಯಾಟಿನ ನಫೀಸಳೆದುರೇ ಹೇಳಿದ: "ಎಲ್ಲ ಇವಳ ಗಿಡದ್ದೇ ಕೆಲಸ. ತೆಗ್ದು ಬಿಸಾಡ್ಬೇಕು, ಖಲಾಸ್!"

ಮಗ್ದಲೀನಳಿಗೆ ಪಿತ್ತ ನೆತ್ತಿಗೇರಿತು. ಸೋಫಾದ ದಿಂಬು ಎತ್ತಿ, ಹೊಲಿಗೆಯುದ್ದಕ್ಕೂ ಸಾಲುಗಟ್ಟಿದ್ದ ತಿಗಣೆಗಳನ್ನು ಇಬ್ಬರಿಗೂ ತೋರಿಸಿದಳು.

"ತಿಗಣೆ ಎಂತ ಎಲೆ ತಿಂತದಾ? ನನ್ನ ಗಿಡಗಳು ಸ್ನಾನ ಮಾಡಿಯೇ ಒಳಗೆ ಬಂದದ್ದು. ನಿಮ್ಮ ಸೋಫಾಕ್ಕೆ ಯಾರು ಸ್ನಾನ ಮಾಡಿಸಿದ್ದು?"

ಸೋಫಾವನ್ನು ಕೆಳಗೆ ಬಿಟ್ಟು ಬಂದ ಅಲೆಕ್ಸಾಂಡರನನ್ನು ಅವಳು ಬಾಗಿಲಲ್ಲೇ ತಡೆದು, ಸೋಪುನೀರಿನ ಬಕೆಟ್ ಕೈಗಿಟ್ಟಳು.

"ಸೀದಾ ಬಾತ್‌ರೂಮಿಗೆ ಹೋಗಿ. ಗಿಡಗಳನ್ನು ಹಾಲಿಗೆ ತಂದಾಯ್ತು. ಇನ್ನು ಆ ವಾರ್ಡು ನಿಮಗೆ."