ಬೆಳಗ್ಗೆ ಮಾತ್ರ ಮುನಿಯುವ ಲಾರಿ

ಕಿವಿ ಮೇಸ್ತ್ರಿ ಎಂಬ ಹೆಸರು ಅವನಿಗೆ ಸುಮ್ಮನೆ ಬಿದ್ದದ್ದಲ್ಲ. ಗ್ಯಾರೇಜಿಗೆ ಯಾವ ಗಾಡಿ ಬಂದರೂ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಆಗ ಗಾಡಿಯ ಮಾಲೀಕ ಕೆಮ್ಮುವ ಹಾಗೂ ಇರಲಿಲ್ಲ. ಕಣ್ಣು ತೆರೆದು ಒಂದು ಮಾತು ಹೇಳಿದನೆಂದರೆ ಅದೇ ತೀರ್ಪು. ಹೆಚ್ಚಿನ ಸಲ ಅದು ನಿಜವೇ ಆಗುತ್ತಿತ್ತು. ಆಗದೇ ಹೋದದ್ದನ್ನು ಅವನು ನೆನಪಿನಲ್ಲಿ ಇಟ್ಟುಕೊಳ್ಳುವ ಪೈಕಿಯೇ ಅಲ್ಲ.

ಅವನ ತಂಗಿ ಬೇಕರಿಯ ಲಾರಿ ಓಡಿಸುತ್ತಿದ್ದಳು. ಕಂಪ್ಯೂಟರೇ ಅಳೆದು ಪೆಟ್ರೋಲ್ ಬಿಡುವ ಫ್ಯೂಯಲ್ ಇಂಜೆಕ್ಷನ್ ಬಂದ ಹೊಸದರಲ್ಲಿ ಕೊಂಡ ಹಳೇ ಪೆಟ್ರೋಲ್ ಲಾರಿ ಅದು. ವರ್ಷಗಟ್ಟಲೆ ಬ್ರೆಡ್ಡಿನ ಟ್ರೇ ತೊಳೆದು, ಟ್ರೇ ಹೊತ್ತು, ಆಮೇಲೆ ಯಜಮಾನರನ್ನು ಕಾಡಿ ಬೇಡಿ ಸ್ಟೀರಿಂಗ್ ಹಿಡಿದವಳು. ಬೆಳಕು ಹರಿಯುವ ಮುಂಚೆ ಹೊರಟು ಅಂಗಡಿ, ಆಸ್ಪತ್ರೆ, ಹಾಸ್ಟೆಲ್ಲುಗಳಿಗೆ ಬಿಸಿ ಬ್ರೆಡ್ಡು ಮುಟ್ಟಿಸುವ ಆ ಬೆಳಗಿನ ಸುತ್ತು ಅವಳ ಪಾಲಿಗೆ ದೊಡ್ಡ ಪದವಿ. ಅವಳಿಗೆ ಕ್ಲಚ್ಚು, ಗೇರು ಕಲಿಸಿದವನು ಅಣ್ಣನೇ.

ಚಳಿ ಬಿದ್ದದ್ದೇ ತಡ, ಲಾರಿ ಬೆಳಗಿನ ಹೊತ್ತು ಮುನಿಸಿಕೊಳ್ಳತೊಡಗಿತು. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾಗುತ್ತಿತ್ತು. ಟ್ರೇ ತುಂಬಿದ ಹುಡುಗರು ಹಿಂದಿನಿಂದ ತಳ್ಳುವ ಹೊತ್ತಿಗೆ ಹೇಗೋ ಗೊರಗೊರ ಎಂದು ಜೀವ ಹಿಡಿಯುತ್ತಿತ್ತು. ಒಮ್ಮೆ ಶುರುವಾಯಿತೋ, ದಿನವಿಡೀ ಚಕಾರ ಎತ್ತುತ್ತಿರಲಿಲ್ಲ. ತಂಗಿ ಸುತ್ತು ಮುಗಿಸಿ ಮಧ್ಯಾಹ್ನ ಅದನ್ನು ಅಣ್ಣನ ಗ್ಯಾರೇಜಿಗೆ ತರುತ್ತಿದ್ದಳು. ಅಷ್ಟರಲ್ಲಿ ಇಂಜಿನ್ನು ಕಾದು, ಬೀಗದ ಕೈ ಮುಟ್ಟಿದರೆ ಸಾಕು ಹೊತ್ತಿಕೊಳ್ಳುತ್ತಿತ್ತು. ಮೇಸ್ತ್ರಿ ಪಂಪು ನೋಡಿದ, ಪ್ಲಗ್ಗು ಬಿಚ್ಚಿದ, ಬ್ಯಾಟರಿ ಅಳೆದ, ಕೊನೆಗೆ ಕಿವಿ ಕೊಟ್ಟ. ಎಲ್ಲವೂ ನೆಟ್ಟಗಿತ್ತು. ಒಂದೇ ಒಂದು ಸಲ ಬೆಳಗ್ಗೆ ಬಂದು ನೋಡು ಎಂದು ಅವಳು ಗೋಗರೆದಳು. ಅವನೋ ಬಿಸಿಲೇರದೆ ಹಾಸಿಗೆ ಬಿಡದ ಆಸಾಮಿ. ಸಾಲದ್ದಕ್ಕೆ, ತನ್ನ ಕಿವಿ ಕೇಳಿ ಮುಗಿಸಿದ್ದನ್ನು ಮತ್ತೆ ಹೋಗಿ ನೋಡುವುದು ಏನಿದೆ ಎಂಬ ಗತ್ತು ಬೇರೆ.

ಒಂದು ದಿನ ಆಸ್ಪತ್ರೆಗೆ ಬ್ರೆಡ್ಡು ಹೋಗುವುದು ತೀರಾ ತಡವಾಗಿ, ಯಜಮಾನರೇ ಲಾರಿಯಲ್ಲಿ ಅವಳ ಪಕ್ಕ ಕೂತು ಗ್ಯಾರೇಜಿಗೆ ಬಂದರು. ಸುತ್ತ ನಾಲ್ಕಾರು ಡ್ರೈವರುಗಳಿದ್ದರು. ಜನ ಕಂಡರೆ ಮೇಸ್ತ್ರಿಗೆ ಮಾತು ಉಕ್ಕುತ್ತಿತ್ತು. ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದ:

"ಗಾಡಿ ಗುಂಡುಕಲ್ಲಿನ ಹಾಗಿದೆ ಯಜಮಾನ್ರೇ. ಸ್ಟಾರ್ಟ್ ಮಾಡೋ ಕೈಗೇ ನಯ ಇಲ್ಲ."

ಡ್ರೈವರುಗಳು ಗೊಳ್ಳೆಂದು ನಕ್ಕರು. ಮಾರನೆಯ ದಿನ ಬೀಗದ ಕೈ ಹೊಸ ಡ್ರೈವರಿನ ಪಾಲಾಯಿತು, ತಂಗಿ ಮತ್ತೆ ಟ್ರೇ ತೊಳೆಯುವ ನಲ್ಲಿಯ ಹತ್ತಿರ ಹೋದಳು.

ಆದರೆ ಲಾರಿ ಹೊಸ ಡ್ರೈವರಿಗೂ ಜಗ್ಗಲಿಲ್ಲ. ಯಜಮಾನರು ಈಗ ಬೆಳ್ಳಂಬೆಳಗ್ಗೆಯೇ ಹೇಳಿಕಳಿಸಿದರು. ದೊಡ್ಡವರ ಕರೆ, ಮೇಸ್ತ್ರಿ ಮಫ್ಲರ್ ಸುತ್ತಿಕೊಂಡು ಹೊರಟ. ಇಂಜಿನ್ನು ತಣ್ಣಗಿರುವಾಗ ಅವನು ಆ ಲಾರಿಯನ್ನು ನೋಡಿದ್ದು ಅದೇ ಮೊದಲು. ಓಡದ ಇಂಜಿನ್ನಿಗೆ ಕಿವಿ ಕೊಟ್ಟು ಕೇಳುವುದಾದರೂ ಏನನ್ನು? ಬೇರೆ ದಾರಿಯಿಲ್ಲದೆ, ಚೀಲದ ತಳದಲ್ಲಿದ್ದ ತಪಾಸಣೆಯ ಮೀಟರು ತೆಗೆದು ಸಿಕ್ಕಿಸಿದ. ಕೈ ಇಟ್ಟರೆ ಕೊರೆಯುತ್ತಿದ್ದ ಇಂಜಿನ್ನು, ಮೀಟರಿನ ಪ್ರಕಾರ ಬಿಸಿಯೇರಿ ಕೂತಿತ್ತು. ಇಂಜಿನ್ನು ಬಿಸಿಯಾಗಿದೆ ಎಂದು ನಂಬಿದ ಲಾರಿಯ ಕಂಪ್ಯೂಟರು, ಚಳಿಗೆ ಬೇಕಾದ ಹೆಚ್ಚಿನ ಪೆಟ್ರೋಲನ್ನು ಬಿಡುತ್ತಲೇ ಇರಲಿಲ್ಲ.

ಬಿಸಿ ಅಳೆಯುವ ಸೆನ್ಸರಿನ ವೈರನ್ನು ಬೆರಳಿನಲ್ಲೇ ಹುಡುಕಿಕೊಂಡು ಹೋದ. ಕಪ್ಪು ಟೇಪು ಸುತ್ತಿದ ಒಂದು ಗಂಟು ಕೈಗೆ ತಗುಲಿತು. ಟೇಪಿನ ಕೊನೆಯನ್ನು ಒಳಕ್ಕೆ ಮಡಚಿ ಸಿಕ್ಕಿಸಿತ್ತು. ಆ ಊರಿನಲ್ಲಿ ಟೇಪನ್ನು ಹಾಗೆ ಮಡಚುವವನು ಒಬ್ಬನೇ. ಬಿಚ್ಚುವ ಮೊದಲೇ ಅವನ ಕಿವಿ ಬಿಸಿಯಾಯಿತು. ಒಳಗೆ ಅಕ್ಕಿಕಾಳಿನಷ್ಟು ದಪ್ಪದ, ರೇಡಿಯೊ ರಿಪೇರಿಯವರು ಬಳಸುವ ರೆಸಿಸ್ಟರು. ಬೇಸಿಗೆಯಲ್ಲಿ ಸೆನ್ಸರು ಕೆಟ್ಟಾಗ, ಅಂಗಡಿಯಲ್ಲಿ ಹೊಸದು ಸಿಗದೆ, ಇಂಜಿನ್ನು ಸದಾ ಬಿಸಿಯಿದೆ ಎಂದು ಕಂಪ್ಯೂಟರಿನ ಕಣ್ಣಿಗೆ ಮಣ್ಣೆರಚಲು ತಾನೇ ಹಾಕಿದ್ದು. ಎರಡು ದಿನದ ಮಟ್ಟಿಗೆ ಎಂದುಕೊಂಡಿದ್ದ. ಸೆಕೆಯ ದಿನಗಳಲ್ಲಿ ಲಾರಿ ಚೆನ್ನಾಗಿಯೇ ಓಡಿತು, ಅವನು ಮರೆತೇಬಿಟ್ಟ.

ಅಂಗಳದ ಮೂಲೆಯಲ್ಲಿ ತಂಗಿ ಬೆನ್ನು ಹಾಕಿ ಟ್ರೇ ಉಜ್ಜುತ್ತಿದ್ದಳು. ಮೇಸ್ತ್ರಿ ರೆಸಿಸ್ಟರನ್ನು ಜೇಬಿಗೆ ಹಾಕಿಕೊಂಡ. ಬಿಡಿಭಾಗದ ಅಂಗಡಿಯ ಬಾಗಿಲು ಬಡಿದು ತೆಗೆಸಿ, ಹೊಸ ಸೆನ್ಸರು ತಂದು ಕೂರಿಸಿದ. ಲಾರಿ ಒಂದೇ ಏಟಿಗೆ ಶುರುವಾಯಿತು. ಯಜಮಾನರು ಭುಜ ತಟ್ಟಿ ಏನಾಗಿತ್ತು ಎಂದು ಕೇಳಿದರು. ಒಂದು ವೈರು ಸಡಿಲವಾಗಿತ್ತು ಎಂದ.

"ಅವಳೇ ಏನಾದ್ರೂ ಎಳೆದಾಡಿರಬೇಕು," ಎಂದರು ಯಜಮಾನರು.

"ಇರಬಹುದು," ಎಂದುಬಿಟ್ಟ ಮೇಸ್ತ್ರಿ.

ಮೊದಲ ಸಲ ಬೈದದ್ದು ತಿಳಿಯದೆ. ಈ ಮಾತು ಮಾತ್ರ ತಿಳಿದೂ ತಿಳಿದೂ ಆಡಿದ್ದು. ಬಾಯಿಂದ ಬಿದ್ದ ಕೂಡಲೇ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಾಲು ತಾನಾಗಿ ನಲ್ಲಿಯ ಕಡೆ ನಡೆಯಿತು. ತಂಗಿಯ ಬೆರಳುಗಳು ತಣ್ಣೀರಿಗೆ ಕೆಂಪಾಗಿ ಊದಿದ್ದವು. ಅವನು ಆಚೀಚೆ ನೋಡಿ, ದನಿ ತಗ್ಗಿಸಿ, ಬೇಸಿಗೆಯ ರಿಪೇರಿಯನ್ನೂ ಈಗಷ್ಟೇ ಆಡಿದ ಸುಳ್ಳನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡು, ತಪ್ಪಾಯಿತು ಎಂದ.

ಅವಳು ನಲ್ಲಿ ನಿಲ್ಲಿಸಿದಳು.

"ಬೈದಿದ್ದು ಎಲ್ಲರ ಮುಂದೆ ಅಲ್ವಾ ಅಣ್ಣ? ತಪ್ಪಾಯ್ತು ಅನ್ನೋದು ಮಾತ್ರ ನಲ್ಲಿ ಹತ್ರಾನಾ?"

ಅವಳು ಮತ್ತೆ ನಲ್ಲಿ ತಿರುಗಿಸಿದಳು.

ಆ ದಿನ ಗ್ಯಾರೇಜಿನಲ್ಲಿ ಅವನು ಯಾವ ಇಂಜಿನ್ನಿಗೂ ಕಿವಿ ಕೊಡಲಿಲ್ಲ. ಗಿರಾಕಿಗಳು ಎಂದಿನಂತೆ ಅವನ ಬಾಯನ್ನೇ ನೋಡುತ್ತ ನಿಂತರೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಮಾರನೆಯ ದಿನ ಟ್ರೇ ತುಂಬುವ ಹೊತ್ತಿಗೆ ಬೇಕರಿಯ ಅಂಗಳಕ್ಕೆ ಹೋದ. ಹುಡುಗರು, ಹೊಸ ಡ್ರೈವರು, ಒಲೆಯ ಕೆಲಸದವರು ಎಲ್ಲ ಇದ್ದರು. ರೆಸಿಸ್ಟರನ್ನು ಅಂಗೈಯಲ್ಲಿಟ್ಟು ಯಜಮಾನರ ಮುಂದೆ ಚಾಚಿದ. ಇದನ್ನು ಹಾಕಿದವನು ನಾನು, ಮರೆತವನು ನಾನು, ತಂಗಿಯ ಕೈ ಸರಿಯಾಗಿಯೇ ಇತ್ತು, ನಿನ್ನೆ ವೈರು ಸಡಿಲ ಎಂದದ್ದೂ ಸುಳ್ಳು ಎಂದ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಯಜಮಾನರು ಅವನ ಅಂಗೈಯಿಂದ ರೆಸಿಸ್ಟರನ್ನು ಎತ್ತಿ ನೋಡಿದರು. ಆಮೇಲೆ ಹೊಸ ಡ್ರೈವರಿನಿಂದ ಬೀಗದ ಕೈ ಇಸಿದುಕೊಂಡು, ಅವನನ್ನು ಮಧ್ಯಾಹ್ನದ ಸುತ್ತಿಗೆ ಹಾಕಿ, ತಂಗಿಯನ್ನು ಕರೆದರು. ಅವಳು ಒದ್ದೆ ಕೈ ಒರೆಸಿಕೊಂಡು ಬಂದು ಬೀಗದ ಕೈ ತೆಗೆದುಕೊಂಡಳು. ಅಣ್ಣನ ಕಡೆ ತಿರುಗಲಿಲ್ಲ.

"ಓಡಿಸ್ತೀನಿ ಯಜಮಾನ್ರೇ. ಆದ್ರೆ ಇನ್ಮೇಲೆ ರಿಪೇರಿಗೆ ಇದನ್ನ ಬೇರೆ ಕಡೆ ಕಳಿಸಿ."

ಯಜಮಾನರು ಮೇಸ್ತ್ರಿಯ ಕಡೆ ತಿರುಗಿದರು. ಅವನು ತಲೆ ತಗ್ಗಿಸಿಯೇ ಹೇಳಿದ:

"ಬಸ್ ಸ್ಟ್ಯಾಂಡ್ ಹಿಂದಿರೋ ಗ್ಯಾರೇಜಿಗೆ ಕೊಡಿ. ಅಲ್ಲಿಯ ಮೇಸ್ತ್ರಿ ಗಾಡಿ ತಣ್ಣಗಿರುವಾಗ್ಲೇ ಬಂದು ನೋಡ್ತಾನೆ."