ರತ್ನಕ್ಕನ ಬೈಗುಳ ಬಹುಮಾನ

ಫೋನಿನಲ್ಲಿ ಯಾರಾದರೂ ಬಾಯಿಗೆ ಬಂದಂತೆ ಬೈಯುತ್ತಿದ್ದರೆ ರತ್ನಕ್ಕ ಕಣ್ಣು ಮುಚ್ಚಿಕೊಂಡು, ಒಳ್ಳೆಯ ಸಂಗೀತ ಕೇಳುವವರ ಹಾಗೆ ತಲೆದೂಗುತ್ತಿದ್ದರು. ನಡುನಡುವೆ ಮಾತ್ರ "ಹೌದು ಸರ್, ಖಂಡಿತ ಸರ್."

ಇಂದಿರಾನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನೀರಿನ ಫಿಲ್ಟರ್ ಮಾರುವ ಕಂಪನಿಯ ದೂರು ವಿಭಾಗ. ಫಿಲ್ಟರ್ ಚೆನ್ನಾಗಿದ್ದವರು ಯಾರೂ ನಮಗೆ ಫೋನ್ ಮಾಡುವುದಿಲ್ಲ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುವುದೇ ಕೆಲಸ.

ಸೇರಿದ ಮೊದಲ ವಾರವೇ ನಾನು ಹೆಡ್‌ಸೆಟ್ ಕಿತ್ತಿಟ್ಟು, ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಮಾರನೆಯ ದಿನ ಬರಬಾರದೆಂದು ತೀರ್ಮಾನಿಸಿಯೂ ಆಗಿತ್ತು. ಐವತ್ತು ದಾಟಿದ, ದಪ್ಪ ಕನ್ನಡಕದ ರತ್ನಕ್ಕ ಬಂದು ಪಕ್ಕದಲ್ಲಿ ಕೂತರು.

"ಏನಂದ ಅವನು?"

"ನೀವೆಲ್ಲ ಸೋಸಿ ಬಿಸಾಕಿರೋ ಟೀಪುಡಿ ಇದ್ದಂಗೆ, ಎಷ್ಟು ಕುದಿಸಿದ್ರೂ ಬಣ್ಣ ಬಿಡಲ್ಲ ಅಂದ."

ರತ್ನಕ್ಕ ನನ್ನ ತೊಡೆಗೆ ರಪ್ಪನೆ ಹೊಡೆದು ನಕ್ಕರು. "ಅಯ್ಯೋ ಸವಿತಾ, ಇವತ್ತಿನ ಪ್ರೈಜು ನಿಂದೇ ಕಣೇ! ಏಳು, ಮುಖ ತೊಳ್ಕೋ."

ಆಗಲೇ ನನಗೆ ಆ ಪಂದ್ಯದ ವಿಷಯ ಗೊತ್ತಾದದ್ದು. ಸಂಜೆ ಟೀ ಕುಡಿಯುವಾಗ ಒಬ್ಬೊಬ್ಬರೂ ಆ ದಿನ ತಿಂದ ಬೈಗುಳ ಒಪ್ಪಿಸಬೇಕು. ಅಮ್ಮ, ಅಕ್ಕ ಅಂತ ಬಂದರೆ ಲೆಕ್ಕಕ್ಕಿಲ್ಲ. "ಅದು ಯಾರಿಗೆ ಬೇಕಾದ್ರೂ ಬರುತ್ತೆ. ತಲೆ ಓಡಿಸಿ ಬೈದಿರ್ಬೇಕು" ಎನ್ನುವುದು ರತ್ನಕ್ಕನ ಕಾನೂನು. ಗೆದ್ದವರಿಗೆ ಕೆಳಗಿನ ಬೇಕರಿಯ ದಿಲ್‌ಪಸಂದ್, ಹಂಚಿಕೊಂಡೇ ತಿನ್ನಬೇಕು. ಆಮೇಲೆ ಬೈಯುವವರು ಸಿಕ್ಕರೆ ನನಗೆ ಅಳುವ ಬದಲು ಕಿವಿ ನೆಟ್ಟಗಾಗುತ್ತಿತ್ತು.

ಒಮ್ಮೆ ಹೊಸದಾಗಿ ಬಂದ ಮ್ಯಾನೇಜರ್ ಪ್ರಶಾಂತ್, ಮೇಲಿನವರ ಆಜ್ಞೆಯಂತೆ 'ಫನ್ ಫ್ರೈಡೇ' ಶುರುಮಾಡಿದರು. ಬಲೂನು, ಕಾಗದದ ಟೋಪಿ. ಎಲ್ಲರೂ ಅರ್ಧ ಗಂಟೆ ಕುಣಿಯಬೇಕು, ಫೋಟೋ ತೆಗೆದು ಕಳಿಸಬೇಕು. ರತ್ನಕ್ಕ ಟೋಪಿ ಹಾಕಿಕೊಂಡೇ ಕೇಳಿದರು:

"ಕುಣೀತೀವಿ ಸರ್. ಅಷ್ಟೊತ್ತು ಕಾಲ್ ಯಾರು ತಗೋತಾರೆ?"

"ಸಂಜೆ ಅರ್ಧ ಗಂಟೆ ಜಾಸ್ತಿ ಕೂತ್ಕೊಂಡು ಮುಗಿಸಿ."

"ಅಂದ್ರೆ ಖುಷಿಗೂ ಓವರ್‌ಟೈಮ್ ಮಾಡ್ಬೇಕಾ ಸರ್?"

ಯಾರೋ ಕಿಸಕ್ಕೆಂದರು. ಪ್ರಶಾಂತ್ ಮುಖ ಕೆಂಪಾಯಿತು. ಇನ್ನು ರತ್ನಕ್ಕನ ಕೆಲಸ ಹೋಯಿತು ಅಂದುಕೊಂಡೆ. ರತ್ನಕ್ಕ ದನಿ ತಗ್ಗಿಸಿ, "ಟೀಗೆ ಹತ್ತು ನಿಮಿಷ ಫೋನ್ ಬಂದ್ ಮಾಡ್ಸಿ ಸಾಕು. ನಗೋದು ನಾವೇ ನೋಡ್ಕೋತೀವಿ. ನಂಬಿಕೆ ಇಲ್ದಿದ್ರೆ ಒಂದು ದಿನ ನಮ್ಜೊತೆ ಕೂತ್ಕೊಳ್ಳಿ" ಅಂದರು.

ಹಟಕ್ಕೆ ಬಿದ್ದವರಂತೆ ಪ್ರಶಾಂತ್ ಅವತ್ತೇ ಹೆಡ್‌ಸೆಟ್ ಏರಿಸಿಕೊಂಡರು. ಸಂಜೆ ಕಳೆಗುಂದಿದ ಮುಖದಲ್ಲಿ ನಮ್ಮ ಗುಂಪಿಗೆ ಬಂದು, "ಒಬ್ರು ಅಜ್ಜಿ ನಂಗೆ 'ನಿನ್ನ ಹೆಂಡತಿ ಕೈಗೆ ಫೋನ್ ಕೊಡಪ್ಪಾ, ಪಾಪ, ಸಮಾಧಾನ ಹೇಳ್ಬೇಕು' ಅಂದ್ರು" ಎಂದರು. ಆ ದಿನದ ದಿಲ್‌ಪಸಂದ್ ಅವರಿಗೇ ಹೋಯಿತು. ಹತ್ತು ನಿಮಿಷ ನಮಗೆ ಸಿಕ್ಕಿತು.

ಹೋದ ವರ್ಷ ಫೋನಿಗೆ ಉತ್ತರ ಹೇಳುವುದಕ್ಕೆ ಕಂಪ್ಯೂಟರಿನ ದನಿ ಬಂತು. ನಮ್ಮಲ್ಲಿ ಅರ್ಧದಷ್ಟು ಜನರನ್ನು ಕೆಲಸದಿಂದ ಬಿಡಿಸಿದರು. ನಾನು ಉಳಿದುಕೊಂಡೆ, ರತ್ನಕ್ಕ ಹೋದವರಲ್ಲಿದ್ದರು. ಕೊನೆಯ ದಿನವೂ ಎಲ್ಲರನ್ನೂ ನಗಿಸಿಯೇ ಹೊರಟರು. ಮೆಟ್ರೋ ನಿಲ್ದಾಣದವರೆಗೆ ಜೊತೆಗೆ ಹೋದೆ. ಅಲ್ಲಿ ನಿಂತುಬಿಟ್ಟರು.

"ಮನೇಲಿ ಇನ್ನೂ ಹೇಳಿಲ್ಲ ಕಣೇ. ನಾಳೆ ಡಬ್ಬಿ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

"ನಮ್ಮನೇಗೆ ಬನ್ನಿ" ಅಂದೆ. ಸುಮ್ಮನೆ ಬಾಯಿಗೆ ಬಂದ ಮಾತು.

ಮಾರನೆಯ ದಿನ ಬೆಳಿಗ್ಗೆ ಕಗ್ಗದಾಸಪುರದ ನಮ್ಮ ಮನೆ ಬಾಗಿಲಲ್ಲಿ ರತ್ನಕ್ಕ, ಹೆಗಲಲ್ಲಿ ಊಟದ ಚೀಲ. ನಾನು ಕೆಲಸಕ್ಕೆ ಹೋದ ಮೇಲೆ ನಮ್ಮತ್ತೆಯ ಜೊತೆ ಕೂತು ಸೊಪ್ಪು ಬಿಡಿಸುತ್ತಿದ್ದರಂತೆ, ಮಧ್ಯಾಹ್ನ ಇಬ್ಬರೂ ಡಬ್ಬಿ ಹಂಚಿಕೊಳ್ಳುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ಹೆಚ್ಚು ಮಾತೇ ಆಡದಿದ್ದ ಅತ್ತೆ, ನಾನು ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತು ರತ್ನಕ್ಕ ಹೇಳಿದ್ದನ್ನೆಲ್ಲ ಹೇಳುತ್ತಿದ್ದರು. ಹೀಗೆ ಕೆಲವು ದಿನ.

ಒಂದು ಬೆಳಿಗ್ಗೆ ಫೋನ್ ಬಂತು. "ರಾತ್ರಿ ಹೇಳ್ಬಿಟ್ಟೆ ಕಣೇ. ನಮ್ಮೆಜಮಾನ್ರು ಎದ್ದು ಕಾಫಿ ಮಾಡ್ಕೊಟ್ರು. ಹೊಸೂರಲ್ಲಿರೋ ಮಗಳ ಮನೇಗೆ ಹೋಗ್ತಿದೀವಿ."

ನಾನು ಫೋನ್ ಇಟ್ಟೆ. ಅತ್ತೆ ಎರಡು ತಟ್ಟೆ ತೊಳೆದಿಟ್ಟು, ಬಾಗಿಲ ಕಡೆ ನೋಡುತ್ತಾ ಕೇಳಿದರು:

"ಇವತ್ಯಾಕಮ್ಮ ಇನ್ನೂ ಬರ್ಲಿಲ್ಲ ಅವರು?"